ಅರ್ಥವೇನು?

ಕನ್ನಡ ಪಾಠ ಹೇಳುವವರ ನಾಲಗೆಯ ತುದಿಯಲ್ಲಿ ಸದಾ ಒಂದು ಪ್ರಶ್ನೆ ಸಿದ್ಧವಾಗಿರುತ್ತದೆ: "ಇದರ ಅರ್ಥವೇನು?" ಕವಿತೆಯನ್ನು ಓದಿ ಮುಗಿಸಿದೊಡನೆ, ಮಕ್ಕಳು ಉಸಿರೆಳೆದುಕೊಳ್ಳುವುದಕ್ಕೂ ಬಿಡದೆ, ನಾನು ಅದನ್ನು ಕೇಳಿಬಿಡುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಕಿರುಪರೀಕ್ಷೆಯಲ್ಲಿ ಬೇಂದ್ರೆಯವರ ಕವಿತೆಯೊಂದರ ಭಾವಾರ್ಥವನ್ನು ಕೇಳಿದ್ದೆ. ಒಬ್ಬ ಹುಡುಗಿ, "ಇದರ ಅರ್ಥ ನನಗೆ ಪೂರ್ತಿ ಆಗಲಿಲ್ಲ, ಆದರೆ ಎರಡು ದಿನ ಇದು ನನ್ನನ್ನು ಬಿಡಲಿಲ್ಲ" ಎಂದು ಆರಂಭಿಸಿ, ಅದರ ನಾದದ ವಿಷಯವಾಗಿ ಒಂದು ಪುಟ ಬರೆದಿದ್ದಳು. ಕೆಂಪು ಶಾಯಿಯಲ್ಲಿ ಹತ್ತಕ್ಕೆ ಎರಡು ಅಂಕವಿತ್ತು ನಿಶ್ಚಿಂತನಾದೆ.

ಅದೇ ವಾರ ಸ್ನೇಹಿತರೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು, ಮನೆಯಾಕೆಯೊಡನೆ 'ಎಕ್ಸ್‌ಪೆರಿಮೆಂಟಾ' ಎಂಬ ಚಿತ್ರೋತ್ಸವಕ್ಕೆ ಹೋದೆ. ಶಾಯ್ ಹೆರೆಡಿಯ ಎಂಬಾಕೆ 2003ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಈ ಉತ್ಸವ ಮುಂದೆ ಬೆಂಗಳೂರಿಗೆ ಬಂದು ನೆಲೆಸಿತು. ಇಲ್ಲಿ ನಾಯಕ, ನಾಯಿಕೆ, ಖಳನಾಯಕ ಯಾರೂ ಇಲ್ಲ. ಒಬ್ಬರೋ ಇಬ್ಬರೋ ಸೇರಿ, ಕವಿ ಕವಿತೆಯನ್ನು ಕಟ್ಟುವಂತೆ ಬೆಳಕು ನೆರಳುಗಳಿಂದ ಕಟ್ಟಿದ ಚಿತ್ರಗಳು.

ಮೊದಲ ಹತ್ತು ನಿಮಿಷ ಕಳೆಯಿತು. ಮನೆಯಾಕೆ ಮೆಲ್ಲಗೆ, "ರೀ, ಕಥೆ ಯಾವಾಗ ಶುರುವಾಗುತ್ತೆ?" ಎಂದಳು.

"ಇದೇ ಇರಬೇಕು" ಎಂದೆ. ಎಂ.ಎ. ಪದವಿ ಆ ಕತ್ತಲೆಯಲ್ಲಿ ನನ್ನ ಕೈಬಿಟ್ಟಿತ್ತು.

ಆಮೇಲೆ ಬಂದಿತು ಪ್ರಮೋದ್ ಪತಿಯವರ 'ಆಬಿದ್'. ಸರ್ಕಾರದ ಫಿಲ್ಮ್ಸ್ ಡಿವಿಷನ್ 1972ರಲ್ಲಿ ಹೊರತಂದ ಪುಟ್ಟ ಚಿತ್ರ. ಅಣೆಕಟ್ಟು, ಕುಟುಂಬ ಯೋಜನೆಗಳ ವಾರ್ತಾಚಿತ್ರ ಮಾಡುತ್ತಿದ್ದ ಸಂಸ್ಥೆಯಲ್ಲಿ, ಜೆಕೊಸ್ಲೊವಾಕಿಯದಲ್ಲಿ ಯಿರ್ಜಿ ತ್ರಿಂಕಾ ಅವರ ಬಳಿ ಬೊಂಬೆ ಚಿತ್ರಗಳ ವಿದ್ಯೆಯನ್ನು ಕಲಿತು ಬಂದ ಪತಿಯವರು ಇಂಥದನ್ನೂ ಮಾಡಿದರು! ಕೋಣೆಯೊಂದರಲ್ಲಿ ಚಿತ್ರಕಾರ ಆಬಿದ್ ಸುರತಿ, ಸುತ್ತಲೂ ಬಣ್ಣ. ಬೊಂಬೆಯನ್ನು ಇಷ್ಟಿಷ್ಟೇ ಸರಿಸಿ ಒಂದೊಂದು ಬಿಂಬವಾಗಿ ಚಿತ್ರ ತೆಗೆಯುವಂತೆ, ಇಲ್ಲಿ ಜೀವಂತ ಮನುಷ್ಯನನ್ನೇ ತೆಗೆದಿದ್ದಾರೆ. ತೆರೆಯ ಮೇಲೆ ಒಂದು ನಿಮಿಷ ಸಾಗಲು 1,440 ಬಿಂಬಗಳು ಬೇಕು. ಹಾಗೆ ಜೋಡಿಸಿದಾಗ ಮನುಷ್ಯ ನಡೆಯುವುದಿಲ್ಲ, ಪುಟಿಯುತ್ತಾನೆ. ಬಣ್ಣ ತಾನೇ ಚಿಗುರುತ್ತದೆ. ಅರ್ಥವೇನೆಂದು ಕೇಳಿದ್ದರೆ ನಾನು ತಬ್ಬಿಬ್ಬಾಗುತ್ತಿದ್ದೆ. ಆದರೆ ಪಕ್ಕದಲ್ಲಿ ಆಕೆ ನಗುತ್ತಿದ್ದಳು. ನಾನೂ ಮುಂದಕ್ಕೆ ಬಾಗಿ ಕುಳಿತಿದ್ದೆ.

ಚಿತ್ರ ಮುಗಿದ ಮೇಲೆ ಸ್ನೇಹಿತರು, ಇಂಥ ಉತ್ಸವಗಳು ಹೊಸತೇನಲ್ಲವೆಂದು ವಿವರಿಸಿದರು. ಬೆಲ್ಜಿಯಂ ದೇಶದಲ್ಲಿ, ಅಲ್ಲಿನ ಚಿತ್ರಭಂಡಾರದ ಜಾಕ್ ಲೆದು ಅವರ ನೇತೃತ್ವದಲ್ಲಿ, 1949ರಿಂದ 1974ರವರೆಗೆ ಐದು ಬಾರಿ ಪ್ರಯೋಗಚಿತ್ರಗಳ ಉತ್ಸವ ನಡೆಯಿತಂತೆ. 1967ರಲ್ಲಿ ಅಲ್ಲಿ ಮೊದಲ ಬಹುಮಾನ ಬಂದದ್ದು ಮೈಕೆಲ್ ಸ್ನೋ ಅವರ 'ವೇವ್‌ಲೆಂಗ್ತ್' ಚಿತ್ರಕ್ಕೆ. ಸುಮಾರು ಮುಕ್ಕಾಲು ಗಂಟೆ ಕ್ಯಾಮೆರದ ನೋಟ ಒಂದು ಕೋಣೆಯ ಎದುರುಗೋಡೆಯತ್ತ ಸಾಗುತ್ತ, ಕೊನೆಗೆ ಅಲ್ಲಿರುವ ಒಂದು ಛಾಯಾಚಿತ್ರದ ಕಡಲಲೆಗಳಲ್ಲಿ ನಿಲ್ಲುತ್ತದೆ. ನಡುವೆ ಒಬ್ಬ ಮನುಷ್ಯ ಕುಸಿದು ಬಿದ್ದರೂ ಅದು ಅವನಿಗಾಗಿ ನಿಲ್ಲುವುದಿಲ್ಲ!

"ಏನೂ ತಿಳಿಯಲಿಲ್ಲ. ಆದರೆ ಆ ಬಣ್ಣದ ಕೋಣೆ ಇನ್ನೂ ಕಣ್ಣಲ್ಲೇ ಇದೆ ನೋಡಿ" ಎಂದಳು ಮನೆಯಾಕೆ, ದಾರಿಯಲ್ಲಿ.

ಈ ಮಾತನ್ನು ಎಲ್ಲಿಯೋ ಓದಿದ್ದೆನಲ್ಲ! ಮನೆ ಸೇರುವಷ್ಟರಲ್ಲಿ ನೆನಪಾಯಿತು. ವಾಚ್ಯಾರ್ಥವನ್ನು ಮೀರಿದ್ದೇ ಕಾವ್ಯದ ಆತ್ಮವೆಂದು ಆನಂದವರ್ಧನನ ಹೆಸರಿನಲ್ಲಿ ವರ್ಷ ವರ್ಷವೂ ಪಾಠ ಹೇಳುವವನು ನಾನು. ಅದನ್ನು ಸ್ವತಃ ಅನುಭವಿಸಿ ಬರೆದವಳಿಗೆ ಎರಡು ಅಂಕವಿತ್ತವನೂ ನಾನೇ. ರಾತ್ರಿ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿ ಆ ಪುಟವನ್ನು ಮತ್ತೆ ಓದಿದೆ. ಭಾವಾರ್ಥ ಅಲ್ಲಿರಲಿಲ್ಲ, ನಿಜ, ಕವಿತೆ ಇತ್ತು. ಎರಡನ್ನು ಹೊಡೆದು ಏಳು ಮಾಡಿದೆ.

ಪತ್ರಿಕೆ ಹಂಚಿದ ದಿನ ಆ ಹುಡುಗಿ ತರಗತಿ ಮುಗಿಯುವವರೆಗೆ ಕಾದಿದ್ದು, ಅಳುಕುತ್ತಲೇ ಬಂದು ತಿದ್ದಿದ ಅಂಕವನ್ನು ತೋರಿಸಿ, "ಸಾರ್, ಕೂಡುವಾಗ ತಪ್ಪಾಗಿತ್ತೆ?" ಎಂದು ಕೇಳಿದಳು.

"ಓದುವಾಗ ತಪ್ಪಾಗಿತ್ತಮ್ಮ" ಎಂದೆ.