ವಿದುರನ ಪಾರ್ಟು

ಫೆಬ್ರವರಿ 3, ಸೋಮವಾರ

ಶಿವರಾತ್ರಿಗೆ ‘ಕುರುಕ್ಷೇತ್ರ’ ನಾಟಕ. ಇವತ್ತು ಪಾರ್ಟು ಹಂಚಿದರು. ದುರ್ಯೋಧನ, ಕೃಷ್ಣ, ಕರ್ಣ ಎಲ್ಲಕ್ಕೂ ದುಡ್ಡು ಕಟ್ಟುವವರಿದ್ದಾರೆ. ವಿದುರ ಉಳಿದುಬಿಟ್ಟ. ‘ಮೇಷ್ಟ್ರಿಗೆ ಕೊಡ್ರಪ್ಪಾ, ಬುದ್ಧಿ ಹೇಳೋ ಪಾರ್ಟು’ ಅಂದರು ಯಾರೋ. ನಕ್ಕರು. ನಾನೂ ನಕ್ಕೆ, ಒಪ್ಪಿಕೊಂಡೆ. ಸಂಜೆ ಹೊತ್ತು ಪುರವರದ ಈ ರೂಮಿನಲ್ಲಿ ಒಬ್ಬನೇ ಕೂರುವುದಾದರೂ ತಪ್ಪುತ್ತೆ.

ಫೆಬ್ರವರಿ 6, ಗುರುವಾರ. ರಾತ್ರಿ 11

ದುರ್ಯೋಧನ ನನ್ನ ಹಳೇ ವಿದ್ಯಾರ್ಥಿ. ಈಗ ಬೋರ್‌ವೆಲ್ ಲಾರಿ ಇಟ್ಟಿದ್ದಾನೆ. ತುಂಬಿದ ಸಭೆಯಲ್ಲಿ ನನ್ನನ್ನು ದಾಸೀಪುತ್ರ ಅಂತ ಜರಿಯಬೇಕು. ಅಲ್ಲಿಗೆ ಬಂದರೆ ಸಾಕು, ತಲೆ ತಗ್ಗಿಸಿ ‘ಸಾರ್, ಇದ್ ಹೆಂಗೆ ಅನ್ಲಿ’ ಅಂತಾನೆ. ಹಾರ್ಮೋನಿಯಂ ಮೇಷ್ಟ್ರಿಗೆ ರೇಗಿತು. ‘ಗುಬ್ಬಿ ವೀರಣ್ಣನ ಜಿಲ್ಲೇಲಿ ಹುಟ್ಟಿ ವಿದುರನ್ನ ಸಾರ್ ಅಂತೀಯೇನೋ!’

ಫೆಬ್ರವರಿ 11, ಮಂಗಳವಾರ

ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ವಾರದಿಂದ ಶಾಲೆಗೆ ಬಂದಿಲ್ಲ. ಮನೆಗೆ ಹೋದೆ. ಜಗಲಿಯಲ್ಲಿ ಹುಣಸೆ ರಾಶಿ. ತಾಯಿ, ಅಜ್ಜಿ, ಅವಳು, ಮೂವರೂ ಕುಟ್ಟುತ್ತಿದ್ದರು. ‘ಸೀಸನ್ ಸಾರ್, ಇನ್ನೊಂದಿಷ್ಟು ದಿನ’ ಅಂದಳು ತಾಯಿ. ತೆಲುಗಿನಲ್ಲಿ ಮಗಳಿಗೆ ಏನೋ ಗದರಿದಳು. ಪರೀಕ್ಷೆ ಹತ್ತಿರ ಬಂತು ಅಂದೆ. ಒಂದು ಲೋಟ ಟೀ ಕೊಟ್ಟರು. ಕುಡಿದು ಬಂದೆ.

ತುಮಕೂರಿಂದ ಹೆಂಡತಿಯ ಫೋನು. ‘ರೀ, ಈ ಸಲನಾದ್ರೂ ವರ್ಗಾವಣೆಗೆ ಅರ್ಜಿ ಹಾಕ್ತೀರೋ ಇಲ್ವೋ?’ ನೋಡೋಣ ಅಂದೆ. ಹಾಕಬೇಕೆಂದಿದೆಯೋ ಇಲ್ಲವೋ, ನನಗೇ ಗೊತ್ತಿಲ್ಲ.

ಫೆಬ್ರವರಿ 16, ಭಾನುವಾರ

ತುಮಕೂರಿಗೆ ಹೋಗಬೇಕಿತ್ತು. ವಿದುರಾಶ್ವತ್ಥಕ್ಕೆ ಹೋದೆ. ಅರಳಿ ನೆಟ್ಟವನು ವಿದುರನಂತೆ. ಸುತ್ತ ಲೆಕ್ಕವಿಲ್ಲದಷ್ಟು ನಾಗರಕಲ್ಲು. ಅಲ್ಲೇ ವೀರಸೌಧ. 1938ರ ಏಪ್ರಿಲ್ 25, ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಗುಂಡು ಹಾರಿತ್ತು. ವಿದುರ ಬಿಲ್ಲು ಮುರಿದು ಸಭೆಯಿಂದ ಎದ್ದು ಹೋದವನು. ಇವರು ಎದ್ದು ಹೋಗಲಿಲ್ಲ. ಇದನ್ನು ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಿದರೆ ‘ಮೊದಲು ಕಂದಪದ್ಯ ಬಾಯಿಗೆ ಬರಲಿ ಸ್ವಾಮಿ’ ಅಂತಾರೆ.

ಫೆಬ್ರವರಿ 27, ಗುರುವಾರ. ಬೆಳಗಿನ 6

ಮುಖದ ಬಣ್ಣ ಪೂರ್ತಿ ಹೋಗಿಲ್ಲ. ಕನ್ನಡಕ ಇಲ್ಲದೆ ಜನ ಕಾಣಲಿಲ್ಲ, ಒಳ್ಳೆಯದೇ ಆಯಿತು. ಕರ್ಣನ ಭಾವಮೈದುನರು ನಡುನಡುವೆ ಸ್ಟೇಜು ಹತ್ತಿ ಹಾರ ಹಾಕಿದರು, ನೋಟು ಸಿಕ್ಕಿಸಿದರು. ವಿದುರನಿಗೆ ಒಂದು ಹಾರ. ಶಾಲೆಯ ಅಟೆಂಡರ್ ತಂದದ್ದು.

ದುರ್ಯೋಧನ ಈ ಸಲ ತಡವರಿಸಲಿಲ್ಲ. ದಾಸೀಪುತ್ರ ಅಂದ. ಪುಸ್ತಕದಲ್ಲಿ ಒಂದೇ ಸಲ ಇರೋದು, ಅವನು ಮೂರು ಸಲ ಅಂದ. ಮೂರನೆಯದಕ್ಕೆ ಮುಖಕ್ಕೆ ಮುಖ ಕೊಟ್ಟು. ಜನ ಶಿಳ್ಳೆ ಹೊಡೆದರು. ಪಾತ್ರದ ಕಾವೋ, ಎಂಟನೇ ಕ್ಲಾಸಿನ ಹಿಂದಿನ ಬೆಂಚಿನದೋ? ಇಳಿದ ಮೇಲೆ ಕಾಲಿಗೆ ಬಿದ್ದ. ಕಿರೀಟ ಜಾರಿತು, ಹಿಡಿದುಕೊಂಡೆ. ಏನೂ ಕೇಳಲಿಲ್ಲ.

ಬಿಲ್ಲು ಒಂದೇ ಏಟಿಗೆ ಮುರಿಯಿತು. ಮೊದಲೇ ಗರಗಸ ಹಾಕಿಟ್ಟಿದ್ದರು.

ಅದೇ ದಿನ, ರಾತ್ರಿ

ಪೂರ್ವಸಿದ್ಧತಾ ಪರೀಕ್ಷೆ. ಆ ಹುಡುಗಿ ಬಂದಿದ್ದಳು! ಉಗುರೆಲ್ಲ ಹುಣಸೆ ಕಪ್ಪು. ಅರ್ಧ ಗಂಟೆಗೇ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ. ರಾತ್ರಿಯೆಲ್ಲ ನಾಟಕ ನೋಡಿರಬೇಕು. ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿದೆ. ‘ಸಾರ್, ಬಿಲ್ಲು ಯಾಕೆ ಮುರಿದ್ರಿ?’ ಅಂದಳು. ಉತ್ತರ ಬರಿ ಅಂದೆ.

ಮಾರ್ಚ್ 2, ಭಾನುವಾರ. ತುಮಕೂರು

ಹೆಂಡತಿ ಮೊಬೈಲಿನಲ್ಲಿ ನಾಟಕದ ವಿಡಿಯೋ ನೋಡಿದಳು. ‘ಇಷ್ಟೊಂದು ಮಾತು ನಿಮಗೆ ಬರುತ್ತಾ?’ ಅಂದಳು. ನಗಲಿಲ್ಲ. ಅರ್ಜಿಯ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ವರ್ಷ ಭೀಷ್ಮನ ಪಾರ್ಟು ಮಾಡಿ ಅಂತಿದ್ದಾರೆ. ದುಡ್ಡು ಜಾಸ್ತಿಯಂತೆ.