ಹೆತ್ತವರಿಗೆ ಹೆಗ್ಗಣ ಮುದ್ದು, ಆದರೆ...

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಮುದ್ದು ಮಾಡಲಿ, ತಪ್ಪೇನಿಲ್ಲ. ಆದರೆ ಪುಣೆಯ ನಮ್ಮ ಸೊಸೈಟಿಯಲ್ಲಿ ಈಗ ಹೆಚ್ಚು ಕೇಳಿಸುವುದು, ನಮ್ಮ ಹೆಗ್ಗಣದ ಮುಂದೆ ಬೇರೆಯವರ ಮಕ್ಕಳು ಏನೂ ಅಲ್ಲ ಅನ್ನುವ ಮಾತು.

ಇವೆರಡರ ವ್ಯತ್ಯಾಸ ಸಣ್ಣದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಎಡ್ಡಿ ಬ್ರುಮೆಲ್ಮನ್ ಮತ್ತು ಸಂಗಡಿಗರು 7ರಿಂದ 12 ವರ್ಷದ 565 ಮಕ್ಕಳನ್ನೂ ಅವರ ಹೆತ್ತವರನ್ನೂ ಆರು ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸಲ ಪ್ರಶ್ನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ತಮ್ಮ ಮಗು ಉಳಿದವರಿಗಿಂತ ವಿಶೇಷ ಎಂದು ನಂಬಿದವರ ಮಕ್ಕಳಲ್ಲಿ ಮುಂದೆ ಸ್ವಮೋಹ, ಅಂದರೆ ನಾರ್ಸಿಸಿಸಂ, ಹೆಚ್ಚುವುದು ಕಂಡಿತು. ಹೆತ್ತವರ ಪ್ರೀತಿ ಸಿಕ್ಕ ಮಕ್ಕಳಲ್ಲಿ ಬೆಳೆದದ್ದು ಆತ್ಮಗೌರವ. ಪ್ರೀತಿಯ ಕೊರತೆಯಿಂದ ಸ್ವಮೋಹ ಹುಟ್ಟುತ್ತದೆ ಅನ್ನುವ ಹಳೆಯ ವಾದಕ್ಕೆ ಅಲ್ಲಿ ಪುರಾವೆ ಸಿಗಲಿಲ್ಲ. ಹಾಗಂತ ಎಲ್ಲವೂ ಹೆತ್ತವರ ಕೈಯಲ್ಲಿಲ್ಲ. ಮಗುವಿನ ಹುಟ್ಟುಗುಣಕ್ಕೂ ಪಾಲಿದೆ.

ನಾನು ಹಾವೇರಿ ಹತ್ತಿರದ ಹಳ್ಳಿಯೊಂದರ ಕೂಡು ಕುಟುಂಬದಲ್ಲಿ ಬೆಳೆದವನು. ಒಂಬತ್ತು ಮಕ್ಕಳು ಒಂದೇ ಸಾಲಿನಲ್ಲಿ ಉಣ್ಣಲು ಕೂರುತ್ತಿದ್ದೆವು. ಯಾರೂ ವಿಶೇಷವಲ್ಲ. ಆದರೆ ದೃಷ್ಟಿಯಾದೀತೆಂದು ಯಾರನ್ನೂ ಬಾಯಿಬಿಟ್ಟು ಹೊಗಳುತ್ತಲೂ ಇರಲಿಲ್ಲ. ಹತ್ತನೇ ತರಗತಿಯಲ್ಲಿ ನಾನು ಶಾಲೆಗೇ ಮೊದಲು ಬಂದಾಗ ಅಪ್ಪ "ಹೂಂ" ಅಂದು ಹೊಲಕ್ಕೆ ಹೋದರು. ಆ "ಹೂಂ" ನನಗೆ ಇವತ್ತಿಗೂ ಸಾಲದು. ಆದ್ದರಿಂದಲೇ ನನ್ನ ವಯಸ್ಸಿನವರು ಮಕ್ಕಳ ಮೇಲೆ ಹೊಗಳಿಕೆ ಸುರಿಯುವುದು ಏಕೆಂದು ನನಗೆ ಅರ್ಥವಾಗುತ್ತದೆ.

ಇಲ್ಲಿ ಮನೆಗೊಂದೇ ಮಗು. ಮಗಳು ಗೀಚಿದ್ದೆಲ್ಲ ವಾಟ್ಸಾಪ್‌ನ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ, ಊರಿನಿಂದ ಚಪ್ಪಾಳೆ ಬರುತ್ತದೆ. ಕಳೆದ ಗಣೇಶೋತ್ಸವದ ಚಿತ್ರಸ್ಪರ್ಧೆಯಲ್ಲಿ ಬಹುಮಾನ ಬರದಿದ್ದಾಗ ಎಂಟು ವರ್ಷದ ಅವಳು, "ಆ ಜಡ್ಜ್ ಆಂಟಿಗೆ ಏನೂ ಗೊತ್ತಿಲ್ಲ" ಅಂದಳು. ಗೆದ್ದ ಹುಡುಗಿಯ ಜೊತೆ ಎರಡು ದಿನ ಆಡಲಿಲ್ಲ. ನನ್ನ ಹೆಂಡತಿ ಬೈಯಲಿಲ್ಲ, ಸಮಾಧಾನಕ್ಕೆ "ನಿಂದೇ ಬೆಸ್ಟ್" ಅನ್ನಲೂ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ತಲೆ ನೇವರಿಸುತ್ತಾ ಕೇಳಿದಳು: "ಆ ಹುಡುಗಿ ನವಿಲಿನ ಕಾಲು ಹೇಗೆ ಬರೆದಿದ್ದಳು, ನೋಡಿದೆಯಾ?" ನೋಡಿರಲಿಲ್ಲ. ಮೂರನೇ ದಿನ ತಾನೇ ಅವರ ಮನೆಗೆ ಕೇಳಲು ಹೋದಳು.

ನೀನು ನಮಗೆ ಬೇಕಾದವಳು ಅನ್ನುವುದು ಮಗುವಿಗೆ ದಿನವೂ ಗೊತ್ತಾಗಬೇಕು. ಅದಕ್ಕಾಗಿ ಪಕ್ಕದ ಮನೆಯ ಮಗುವನ್ನು ಕೆಳಗಿಳಿಸಬೇಕಿಲ್ಲ. ಊರಿಗೆ ಚಿತ್ರ ಕಳಿಸುವುದನ್ನು ನಾವು ನಿಲ್ಲಿಸಿಲ್ಲ. "ಸೂಪರ್" ಅನ್ನುವ ಬದಲು ಚಿತ್ರ ನೋಡಿ ಏನಾದರೂ ಕೇಳು ಎಂದು ಅವ್ವನಿಗೆ ಹೇಳಿದ್ದೇನೆ. ಮೊನ್ನೆ ಅವ್ವ ಫೋನಿನಲ್ಲಿ ಕೇಳಿದಳು: "ಇದ್ಯಾಕವ್ವಾ, ನವಿಲಿಗೆ ಮೂರು ಕಾಲು ಬರದೀ?" ಮಗಳು ಅರ್ಧ ಗಂಟೆ ಉತ್ತರ ಕೊಟ್ಟಳು.