ಚಿನ್ನಕ್ಕೂ ಒಂದು ಹೆಪ್ಪು

ಹೆಪ್ಪಿನ ಗುಣ ಗೊತ್ತಿಲ್ಲದ ಹೆಂಗಸರು ನಮ್ಮಲ್ಲಿ ಯಾರಿದ್ದಾರೆ? ಹದ ನೋಡಿ ಹಾಕಿದರೆ ಗಟ್ಟಿ ಮೊಸರು, ಗಮನ ಬಿಟ್ಟರೆ ಬಾಯಿಗಿಡಲಾಗದ ಹುಳಿ. ಹುಣಸೆಹಣ್ಣಿನ ಹುಳಿಗೆ ತಾಮ್ರದ ಚೊಂಬಿನ ಕಿಲುಬು ಬಿಡುತ್ತದೆ ಎಂಬುದನ್ನೂ ನಮಗೆ ಯಾರೂ ಕಲಿಸಬೇಕಾಗಿಲ್ಲ. ಈ ಎರಡು ಗೊತ್ತಿದ್ದರೆ ಚಿನ್ನದ ಗಣಿಯ ಒಂದು ವಿದ್ಯೆಯೂ ಅರ್ಥವಾಗುತ್ತದೆ ಎಂದರೆ ನಗಬೇಡಿ.

ಗಂಧಕ, ಕಬ್ಬಿಣಗಳನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳಿವೆ. 1947ರಲ್ಲಿ ಅಮೆರಿಕದ ಕಾಲ್ಮರ್ ಮತ್ತು ಹಿಂಕಲ್ ಎಂಬ ಇಬ್ಬರು ವಿಜ್ಞಾನಿಗಳು ಕಲ್ಲಿದ್ದಲ ಗಣಿಯಿಂದ ಹರಿದುಬಂದ ಹುಳಿನೀರಿನಲ್ಲಿ ಇವುಗಳ ಕೈವಾಡ ಕಂಡರು. ಇವು ಗಂಧಕದ ಕಲ್ಲನ್ನು ಸವೆಸಿದಲ್ಲೆಲ್ಲ ಗಂಧಕಾಮ್ಲ ಹುಟ್ಟುತ್ತದೆ, ಲೋಹ ನೀರಿಗಿಳಿಯುತ್ತದೆ.

ಕೆಲವು ಕಲ್ಲುಗಳಲ್ಲಿ ಚಿನ್ನದ ಕಣ ಗಂಧಕ ಮತ್ತು ಕಬ್ಬಿಣದ ಖನಿಜದೊಳಗೆ ಅವಿತಿರುತ್ತದೆ. ಚಿನ್ನ ಕರಗಿಸುವ ಸಯನೈಡಿಗೂ ಅದು ಸಿಗದು. ಕಲ್ಲನ್ನು ಹುರಿದರೆ ಸಿಗುತ್ತದೆ, ಆದರೆ ಗಂಧಕದ ಹೊಗೆ, ಎಷ್ಟೋ ಸಲ ಆರ್ಸೆನಿಕ್ ವಿಷವೂ ಗಾಳಿಗೆ ಸೇರುತ್ತದೆ. ಅದರ ಬದಲು ದೊಡ್ಡ ತೊಟ್ಟಿಯಲ್ಲಿ ಕಲ್ಲಿನ ಪುಡಿ ಕಲಸಿ, ಗಾಳಿಯೂದಿ, ಬೆಚ್ಚಗಿಟ್ಟು ಈ ಜೀವಿಗಳನ್ನು ಬಿಟ್ಟರೆ ಅವು ಖನಿಜ ಸವೆಸಿ ಚಿನ್ನವನ್ನು ಬಿಡಿಸಿಕೊಡುತ್ತವೆ. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ ಇದು 1986ರಲ್ಲೇ ಶುರುವಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಎ. ನಟರಾಜನ್ ಇದೇ ವಿದ್ಯೆಯಲ್ಲಿ ದುಡಿದವರು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲೂ ಇದರ ಪ್ರಯೋಗ ನಡೆಯಿತು.

ಆದರೆ ಈ ಹೆಪ್ಪಿಗೆ ತೊಟ್ಟಿಯೇ ಬೇಕೆಂದಿಲ್ಲ. ಮೇಘಾಲಯದ ಜೈಂತಿಯಾ ಬೆಟ್ಟಗಳ ಕಲ್ಲಿದ್ದಲಲ್ಲಿ ಗಂಧಕ ಹೆಚ್ಚು. ಅಗೆದು ಹಾಗೇ ಬಿಟ್ಟ ಗುಂಡಿಗಳಿಗೆ ಗಾಳಿ ಮಳೆ ಸೋಕಿದ್ದೇ ತಡ, ಇವು ಕೆಲಸಕ್ಕೆ ತೊಡಗಿದವು. ಹೊಳೆಗಳು ಹುಳಿಯಾದವು, ಮೀನು ಸತ್ತವು, ಕುಡಿಯುವ ನೀರು ಕೆಟ್ಟಿತು. 2014ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿನ ಇಲಿಬಿಲದಂಥ ಗಣಿಗಳನ್ನು ನಿಷೇಧಿಸಿತು. ಆದರೆ ತೋಡಿದ ಗುಂಡಿಯ ಹುಳಿ ಆದೇಶ ಓದಿ ನಿಲ್ಲುವುದಿಲ್ಲ. ದೂರದಿಂದ ಕೊಡ ಹೊತ್ತು ತರುವವಳಿಗೆ ಅದರ ಕಷ್ಟ ಗೊತ್ತು.

ಕೆಡಿಸಿದ್ದನ್ನು ತಿದ್ದಲೂ ಗಂಧಕದ ಜೀವಿಗಳೇ ಬರುತ್ತವೆ. ಗಾಳಿಯಿಲ್ಲದ ಕೆಸರಲ್ಲಿರುವ ಇನ್ನೊಂದು ಬಳಗ ನೀರಿನಲ್ಲಿ ಕರಗಿದ ಲೋಹವನ್ನು ಗಂಧಕದೊಡನೆ ಕೂಡಿಸಿ ತಳಕ್ಕಿಳಿಸುತ್ತದೆ. ನೆದರ್‌ಲ್ಯಾಂಡ್ಸಿನ ಬ್ಯೂಡೆಲ್ ಸತುವಿನ ಕಾರ್ಖಾನೆಯಲ್ಲಿ ಮಲಿನಗೊಂಡ ಅಂತರ್ಜಲವನ್ನು 1992ರಿಂದ ಹೀಗೆ ಶುದ್ಧಿ ಮಾಡಿ ಸತುವನ್ನೂ ಮರಳಿ ಪಡೆದರು. ಕೆಟ್ಟದ್ದು, ಒಳ್ಳೆಯದು ಎಂದು ಜೀವಿಗೆ ಹೆಸರಿಟ್ಟು ಪ್ರಯೋಜನವಿಲ್ಲ. ನಿಗಾ ಇದೆಯೇ ಎಂದು ಕೇಳಬೇಕು.

ಗಣಿ ಊರಲ್ಲಿ ಸಂಸಾರ ಮಾಡಿದ ನನ್ನ ಚಿಕ್ಕಮ್ಮ, "ಬಂಗಾರ ಊರು ಬಿಟ್ಟು ಹೋಗ್ತದವ್ವ, ಪುಡಿ ಮಾತ್ರ ಇಲ್ಲೇ ಉಳೀತದ" ಎನ್ನುತ್ತಿದ್ದಳು. ಒಂದು ಟನ್ ಕಲ್ಲರೆದರೆ ಸಾಮಾನ್ಯವಾಗಿ ಸಿಗುವುದು ಕೆಲವೇ ಗ್ರಾಂ ಚಿನ್ನ. ನಮ್ಮ ಕೊರಳ ಒಂದೊಂದು ಎಳೆಯ ಹಿಂದೆ ಎಲ್ಲೋ ಒಂದು ದಿಬ್ಬ ಮಳೆಗೆ ನೆನೆಯುತ್ತಿರುತ್ತದೆ. ಮಗಳ ಮದುವೆಗೆ ಈಗ ಅತ್ತೆಯವರ ಹಳೆಯ ಸರ ಕರಗಿಸೋಣವೆಂದಿದ್ದೇನೆ. ಮನೆಯವರು ಇದನ್ನು ಉಳಿತಾಯ ಎಂದುಕೊಂಡಿದ್ದಾರೆ. ಇರಲಿ, ಅದೂ ಸುಳ್ಳಲ್ಲ.